ದೊಡ್ಡ ಅಕ್ವೇರಿಯಂಗೆ ಯಾವ ಬಯೋ ಮೀಡಿಯಾ? ನಾಸಿಕ್, ಸಂಭಾಜಿನಗರದ ನೀರು ಮತ್ತು ಕಲ್ಲಿನ ಲೆಕ್ಕ

ಇವತ್ತಿನ ಮಾತು ಮಹಾರಾಷ್ಟ್ರದಲ್ಲಿರೋ ನಮ್ಮ ಕನ್ನಡದ ಕೇಳುಗರಿಗಾಗಿ. ಮುಖ್ಯವಾಗಿ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ, ಅಂದ್ರೆ ಹಿಂದಿನ ಔರಂಗಾಬಾದ್, ಈ ಎರಡು ಊರಿನವರಿಗೆ. ಆದರೆ ಕಲಬುರಗಿ, ಬೀದರ್, ವಿಜಯಪುರದವರೂ ಪೂರ್ತಿ ಕೇಳಿ. ನಿಮ್ಮ ಕಡೆಯೂ ಅದೇ ಕಪ್ಪು ಕಲ್ಲು, ಅಂಥದೇ ಬೇಸಿಗೆ.

ಸಂಭಾಜಿನಗರದಿಂದ ಒಬ್ಬ ಅಕ್ಕ ಕೇಳಿದ ಪ್ರಶ್ನೆ ಇದು: "ನಮ್ಮ ಮನೆಯಲ್ಲಿ ಎರಡು ಆಸ್ಕರ್ ಮೀನುಗಳಿವೆ, ಮಗನ ಜೊತೆಗೇ ಬೆಳೆದವು. ಈಗ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಹೊಸ ಟ್ಯಾಂಕ್ ಮಾಡಿಸ್ತಾ ಇದ್ದೇವೆ. ಅಂಗಡಿಯಲ್ಲಿ ದುಬಾರಿ ಸೆರಾಮಿಕ್ ಮೀಡಿಯಾ ಹಾಕಿದ್ರೆ ನೀರು ಬದಲಾಯಿಸೋದೇ ಬೇಡ ಅಂತಾರೆ. ನಮಗೆ ನಲ್ಲಿ ನೀರು ಬರೋದೇ ಹಲವು ದಿನಕ್ಕೊಮ್ಮೆ. ಆ ಮಾತು ನಿಜಾನಾ?"

ನೇರ ಉತ್ತರ: ನಿಜ ಅಲ್ಲ. ಯಾಕೆ ಅಲ್ಲ, ಹಾಗಾದ್ರೆ ಯಾವುದನ್ನು ಹಾಕಬೇಕು ಅನ್ನೋದನ್ನು ಇವತ್ತು ಲೆಕ್ಕ ಹಾಕಿಯೇ ನೋಡೋಣ.

ಫಿಲ್ಟರ್ ಒಳಗೆ ನಡೆಯೋದು ಏನು?

ಮೀನು ತಿಂದ ಆಹಾರದ ಪ್ರೋಟೀನ್ ಕೊನೆಗೆ ಅಮೋನಿಯಾ ಆಗಿ, ಹೆಚ್ಚಾಗಿ ಕಿವಿರಿನ ಮೂಲಕ, ನೀರಿಗೆ ಬರುತ್ತೆ. ಅಮೋನಿಯಾ ವಿಷ. ಅದನ್ನು ಕೆಲವು ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡ್ತವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಆದರೆ ಅದು ಅಲ್ಲೇ ಕೂಡಿಕೊಳ್ತಾ ಹೋಗುತ್ತೆ. ಈ ಕೆಲಸ ಮಾಡೋದು ಜೀವಿಗಳೇ ಅನ್ನೋದನ್ನು 1890ರ ಸುಮಾರಿಗೆ ಸೆರ್ಗೆಯ್ ವಿನೋಗ್ರಾಡ್‌ಸ್ಕಿ ಅನ್ನೋ ವಿಜ್ಞಾನಿ ತೋರಿಸಿಕೊಟ್ಟರು. ಎರಡೂ ಹಂತವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅಂತ ಗೊತ್ತಾಗಿದ್ದು 2015ರಲ್ಲಿ. ಆಗ ಸಿಕ್ಕಿದ ಆ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಬಂದದ್ದು ಮೀನು ಸಾಕಣೆಯ ಫಿಲ್ಟರ್‌ನಿಂದಲೇ.

ಈ ಜೀವಿಗಳು ನೀರಿನಲ್ಲಿ ತೇಲಾಡ್ತಾ ಇರೋದು ಕಡಿಮೆ. ಅಂಟಿಕೊಂಡು ಕೂರೋಕೆ ಜಾಗ ಬೇಕು, ಹರಿಯೋ ನೀರು ಬೇಕು, ಆಕ್ಸಿಜನ್ ಬೇಕು. ಬಯೋ ಮೀಡಿಯಾ ಅಂದ್ರೆ ಅವಕ್ಕೆ ಕೂರೋ ಜಾಗ, ಅಷ್ಟೇ. ಅದು ಔಷಧಿ ಅಲ್ಲ.

ಮೊದಲು ಹೊರೆ ಎಷ್ಟು ಅಂತ ನೋಡಿ

ಮೀಡಿಯಾ ಎಷ್ಟು ಬೇಕು ಅನ್ನೋದನ್ನು ಟ್ಯಾಂಕಿನ ಲೀಟರ್ ಹೇಳೋದಿಲ್ಲ. ದಿನಕ್ಕೆ ನೀವು ಹಾಕೋ ಆಹಾರ ಹೇಳುತ್ತೆ.

ಐದು, ಎರಡು, ಎರಡು ಅಡಿ ಅಂದ್ರೆ 20 ಘನ ಅಡಿ, ಸುಮಾರು 566 ಲೀಟರ್. ಮೇಲೆ ಬಿಟ್ಟ ಜಾಗ, ಕಲ್ಲು ಎಲ್ಲ ಕಳೆದು 500 ಲೀಟರ್ ನೀರು ಅಂತ ಇಟ್ಟುಕೊಳ್ಳಿ. ದಿನಕ್ಕೆ 15 ಗ್ರಾಂ ಕಾಳು ಆಹಾರ ಹಾಕ್ತೀರಿ, ಅದರಲ್ಲಿ 40 ಶೇಕಡಾ ಪ್ರೋಟೀನ್. ಮೀನು ಸಾಕಣೆಯವರು ಬಳಸೋ ಸರಳ ಸೂತ್ರ ಒಂದಿದೆ: ಆಹಾರದ ತೂಕ, ಗುಣಿಸು ಪ್ರೋಟೀನ್ ಪಾಲು, ಗುಣಿಸು 0.092. ಹದಿನೈದು ಗುಣಿಸು 0.4 ಅಂದ್ರೆ 6, ಅದನ್ನು 0.092ರಿಂದ ಗುಣಿಸಿದ್ರೆ 0.55 ಗ್ರಾಂ. ದಿನಕ್ಕೆ ಅಷ್ಟು ಅಮೋನಿಯಾ ನೈಟ್ರೋಜನ್ ಹುಟ್ಟುತ್ತೆ.

ಅರ್ಧ ಗ್ರಾಂ ತಾನೇ ಅನ್ನಬೇಡಿ. 500 ಲೀಟರ್‌ನಲ್ಲಿ ಅದು ಲೀಟರಿಗೆ 1.1 ಮಿಲಿಗ್ರಾಂ. ಫಿಲ್ಟರ್ ಕೆಲಸ ಮಾಡದಿದ್ರೆ ಒಂದೇ ದಿನದಲ್ಲಿ ಟೆಸ್ಟ್ ಕಿಟ್ ಹಸಿರು ತೋರಿಸುತ್ತೆ.

ನಮ್ಮ ಈ ಎರಡು ಊರಿಗೆ ಇನ್ನೊಂದು ಮಾತಿದೆ. ಅಮೋನಿಯಾದಲ್ಲಿ ನಿಜವಾಗಿ ಕೊಲ್ಲೋ ಭಾಗ ಎಷ್ಟಿರುತ್ತೆ ಅನ್ನೋದು ಪಿಎಚ್ ಮತ್ತು ಬಿಸಿ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದು 1 ಶೇಕಡಾಕ್ಕಿಂತ ಕಡಿಮೆ. ಪಿಎಚ್ 8 ಆದ್ರೆ 5 ಶೇಕಡಾ ದಾಟುತ್ತೆ. 30 ಡಿಗ್ರಿ ಬಿಸಿ, ಪಿಎಚ್ 8 ಎರಡೂ ಸೇರಿದ್ರೆ ಏಳೂವರೆ ಶೇಕಡಾ. ಬೋರ್‌ವೆಲ್‌ನ ಗಡಸು ನೀರು, ಏಪ್ರಿಲ್ ಮೇ ತಿಂಗಳ ಸಂಭಾಜಿನಗರ ಅಂದ್ರೆ ಇದೇ ಸ್ಥಿತಿ. ಹಾಗಾಗಿ ಅಲ್ಲಿ ಫಿಲ್ಟರ್ ತಪ್ಪಿದ್ರೆ ಮೀನಿಗೆ ಸಿಗೋ ಸಮಯ ಕಡಿಮೆ.

ಚದರ ಮೀಟರ್‌ನ ಜಾಹೀರಾತು

ಈಗ ಡಬ್ಬಿ ಮೇಲಿನ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಮೀಡಿಯಾದಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಅಂತ ಬರೆದಿರ್ತಾರೆ. ಅದು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಅದರಲ್ಲಿ ಬಹುಪಾಲು ತೀರಾ ಸಣ್ಣ ರಂಧ್ರಗಳ ಒಳಗೋಡೆ. ಬ್ಯಾಕ್ಟೀರಿಯಾದ ಗಾತ್ರವೇ ಸುಮಾರು ಒಂದು ಮೈಕ್ರಾನ್. ಅವು ಪದರವಾಗಿ ಬೆಳೆದಾಗ ಹತ್ತಾರು ಮೈಕ್ರಾನ್ ದಪ್ಪ ಆಗ್ತವೆ. ಸಣ್ಣ ರಂಧ್ರದ ಬಾಯಿಗೇ ಆ ಪದರ ಮುಚ್ಚಿಕೊಳ್ಳುತ್ತೆ. ಒಳಗೆ ನೀರು ಹರಿಯಲ್ಲ, ಆಕ್ಸಿಜನ್ ತಲುಪಲ್ಲ. ಮನೆಯಲ್ಲಿ ಹತ್ತು ಕೋಣೆ ಇದ್ದು ಒಂದೇ ಕೋಣೆಗೆ ಬಾಗಿಲು ಇದ್ದ ಹಾಗೆ.

ಹಾಗಾದ್ರೆ ನಿಜಕ್ಕೂ ಎಷ್ಟು ಮೇಲ್ಮೈ ಬೇಕು? ಮನೆ ಟ್ಯಾಂಕಿನಲ್ಲಿ ಅಮೋನಿಯಾ ಬಹಳ ಕಡಿಮೆ ಮಟ್ಟದಲ್ಲಿ ಇರಬೇಕು, ಹಾಗಾಗಿ ಬ್ಯಾಕ್ಟೀರಿಯಾದ ಕೆಲಸವೂ ನಿಧಾನ. ಒಂದು ಚದರ ಮೀಟರ್ ದಿನಕ್ಕೆ 0.05 ಗ್ರಾಂ ನಿಭಾಯಿಸುತ್ತೆ ಅಂತ ಬಿಗಿಯಾಗಿಯೇ ಲೆಕ್ಕ ಹಿಡಿಯಿರಿ. ನಮ್ಮ 0.55 ಗ್ರಾಂಗೆ 11 ಚದರ ಮೀಟರ್ ಸಾಕು. ಸಾವಿರಾರು ಬೇಡ, ಹನ್ನೊಂದು.

ಇದನ್ನು ಯಾವುದರಿಂದ ತುಂಬಿಸಬಹುದು ನೋಡಿ.

ಹತ್ತು ಮಿಲಿಮೀಟರ್‌ನ ದುಂಡು ಕಲ್ಲು ತುಂಬಿದ್ರೆ ಲೀಟರಿಗೆ ಸುಮಾರು 0.36 ಚದರ ಮೀಟರ್ ಹೊರಮೈ ಸಿಗುತ್ತೆ. ಇದು ಶಾಲೆಯ ಗೋಲದ ಸೂತ್ರದಿಂದಲೇ ಬರೋ ಲೆಕ್ಕ. 11 ಚದರ ಮೀಟರ್‌ಗೆ ಸುಮಾರು 31 ಲೀಟರ್ ಕಲ್ಲು ಬೇಕು. ತೂಕ ಜಾಸ್ತಿ, ತೊಳೆಯೋದು ಕಷ್ಟ.

ಕೆ1 ಅಂತ ಕರೆಯೋ ಪ್ಲಾಸ್ಟಿಕ್ ಚಕ್ರಗಳು ಲೀಟರಿಗೆ ಸುಮಾರು ಅರ್ಧ ಚದರ ಮೀಟರ್ ಕೊಡ್ತವೆ. ಅಂದ್ರೆ 22 ಲೀಟರ್. ಸಂಪ್ ಇದ್ದವರಿಗೆ ಇದು ಚೆನ್ನ. ಕೆಳಗಿನಿಂದ ಗಾಳಿ ಬಿಟ್ಟರೆ ಚಕ್ರಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಸ್ವಚ್ಛ ಆಗ್ತವೆ, ಕಟ್ಟಿಕೊಳ್ಳೋದಿಲ್ಲ.

ತೆರೆದ ರಂಧ್ರದ ಒರಟು ಸ್ಪಾಂಜ್ ಇದಕ್ಕಿಂತ ಕಡಿಮೆ ಏನಿಲ್ಲ, ಸಾಮಾನ್ಯವಾಗಿ ಹೆಚ್ಚೇ. ಬೆಲೆ ಕಡಿಮೆ, ಕತ್ತರಿಸಿ ಬೇಕಾದ ಅಳತೆಗೆ ಕೂರಿಸಬಹುದು. ಒಂದು ಬಕೆಟ್ ನೀರಲ್ಲಿ ಹಿಂಡಿದ್ರೆ ಕೆಲಸ ಮುಗೀತು. ನೀರಿಗೆ ಕಷ್ಟ ಇರೋ ಊರಲ್ಲಿ ಈ ಒಂದು ಗುಣಕ್ಕೇ ನಾನು ಮೊದಲ ಸ್ಥಾನ ಕೊಡ್ತೀನಿ.

ಪಾತ್ರೆ ತಿಕ್ಕೋ ಪ್ಲಾಸ್ಟಿಕ್ ಸ್ಕ್ರಬ್ಬರ್ ಕೂಡ ಒಳ್ಳೆಯ ಮೀಡಿಯಾ. ನಗಬೇಡಿ, ಬ್ಯಾಕ್ಟೀರಿಯಾ ಬ್ರ್ಯಾಂಡ್ ನೋಡಲ್ಲ. ಆದರೆ ಹೊಸದೇ ಇರಬೇಕು, ಸೋಪು ತುಂಬಿದ್ದು ಬೇಡ, ಸ್ಟೀಲಿನದು ಬೇಡವೇ ಬೇಡ.

ಸೆರಾಮಿಕ್ ಉಂಗುರ ಕೆಟ್ಟದ್ದಲ್ಲ. ಮುಂದೆ ಸ್ಪಾಂಜ್ ಇಟ್ಟು ಕಸ ತಡೆದರೆ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಅದಕ್ಕೆ ಕೊಡೋ ಹೆಚ್ಚಿನ ದುಡ್ಡು ಹೆಚ್ಚಿನ ಅಮೋನಿಯಾ ತಿನ್ನಿಸೋದಿಲ್ಲ. ತಿನ್ನೋಕೆ ಇರೋದೇ 0.55 ಗ್ರಾಂ. ಅದು ಮುಗಿದ ಮೇಲೆ ಎಷ್ಟು ಜಾಗ ಇದ್ದರೂ ಖಾಲಿಯೇ.

ನಮ್ಮ ಊರಿನ ಕಲ್ಲೇ ಹಾಕಬಹುದಾ?

ಇದನ್ನು ನಾಸಿಕ್‌ನವರು ಹೆಚ್ಚು ಕೇಳ್ತಾರೆ. ಸುತ್ತ ನೋಡಿದ್ರೂ ಲಾವಾ ಕಲ್ಲು, ಮತ್ತೆ ಅಂಗಡಿಯಿಂದ ಲಾವಾ ಕಲ್ಲು ಯಾಕೆ ತರಬೇಕು ಅಂತ.

ಮಾತು ನ್ಯಾಯವಾಗಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಮೇಲೆಯೇ ಈ ಎರಡೂ ಊರು ಕೂತಿವೆ. ಸಂಭಾಜಿನಗರದ ಹತ್ತಿರ ಎಲ್ಲೋರಾದ ಕೈಲಾಸ ದೇವಾಲಯವನ್ನು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ, ಎಂಟನೇ ಶತಮಾನದಲ್ಲಿ, ಮೇಲಿನಿಂದ ಕೆಳಕ್ಕೆ ಕಡಿದದ್ದು ಇದೇ ಬಸಾಲ್ಟ್ ಕಲ್ಲಿನಲ್ಲಿ.

ಲಾವಾ ತಣ್ಣಗಾಗುವಾಗ ಗಾಳಿಗುಳ್ಳೆಗಳು ಉಳಿದು ಕಲ್ಲಿನಲ್ಲಿ ತೂತುಗಳಾದವು. ಆದರೆ ಆಮೇಲೆ ಲಕ್ಷಾಂತರ ವರ್ಷ ಖನಿಜ ತುಂಬಿದ ನೀರು ಅದರೊಳಗೆ ಓಡಾಡಿ ಬಹಳಷ್ಟು ತೂತುಗಳನ್ನು ತುಂಬಿಬಿಡ್ತು. ಎಲ್ಲಿ ಜಾಗ ದೊಡ್ಡದಿತ್ತೋ ಅಲ್ಲಿ ಸ್ಫಟಿಕ ಬೆಳೀತು. ನಾಸಿಕ್‌ನ ಪಾಂಡವಲೇಣಿ ಬೆಟ್ಟದ ಕಡೆಯ ಕಲ್ಲುಗಣಿಗಳ ಹೆಸರು ಖನಿಜ ಸಂಗ್ರಹಿಸೋರಿಗೆಲ್ಲ ಗೊತ್ತು. ಸಿನ್ನರ್‌ನಲ್ಲಿರೋ ಗಾರ್ಗೋಟಿ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಸ್ಟಿಲ್ಬೈಟ್, ಹ್ಯೂಲಂಡೈಟ್, ಅಪೋಫಿಲೈಟ್, ಕಣ್ಣು ತುಂಬೋ ಹಾಗಿರ್ತವೆ. ನಾಸಿಕ್‌ನ ಕಲ್ಲಿಗೆ ಹೆಸರು ತಂದ ಆ ಸ್ಫಟಿಕಗಳೇ ಅದನ್ನು ಫಿಲ್ಟರ್‌ಗೆ ಸಾಧಾರಣ ಕಲ್ಲು ಮಾಡಿವೆ. ತೂತುಗಳು ತುಂಬಿಹೋಗಿವೆ. ಹೊರಮೈ ಮಾತ್ರ ಲೆಕ್ಕಕ್ಕೆ ಬರುತ್ತೆ.

ಆ ತುಂಬಿದ ಬಿಳಿ ಭಾಗ ಕ್ಯಾಲ್ಸೈಟ್ ಆಗಿದ್ರೆ ಅದು ನಿಧಾನಕ್ಕೆ ಕರಗಿ ನೀರಿನ ಗಡಸುತನ ಏರಿಸುತ್ತೆ. ಬಿಳಿ ಕಲೆ ಮೇಲೆ ವಿನೆಗರ್ ಅಥವಾ ನಿಂಬೆರಸ ಹಾಕಿ. ನೊರೆ ಬಂದ್ರೆ ಆ ಕಲ್ಲು ಬೇಡ. ನೊರೆ ಬರದ, ಗಟ್ಟಿಯಾದ ಕಪ್ಪು ಜಲ್ಲಿಯನ್ನು ಪುಡಿ ಹೋಗೋವರೆಗೆ ತೊಳೆದು ಸಂಪ್‌ನಲ್ಲಿ ಧಾರಾಳವಾಗಿ ಬಳಸಿ. ಮುರುಮ್ ಮಾತ್ರ ಹಾಕಬೇಡಿ, ಅದು ಕೊಳೆತ ಕಲ್ಲು, ಕೆಸರಾಗಿ ಪಂಪ್ ಹಾಳು ಮಾಡುತ್ತೆ. ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರೂ ಆಗುತ್ತೆ, ಕೈಯಲ್ಲಿ ಉಜ್ಜಿದಾಗ ಪುಡಿ ಉದುರಬಾರದು.

ಜಿಯೋಲೈಟ್ ವಿಷಯದಲ್ಲಿ ಎಚ್ಚರ

ಸ್ಟಿಲ್ಬೈಟ್, ಹ್ಯೂಲಂಡೈಟ್ ಜಿಯೋಲೈಟ್ ಜಾತಿಯವು. ಅಂಗಡಿಯಲ್ಲಿ ಫಿಲ್ಟರ್‌ಗೆ ಮಾರೋ ಜಿಯೋಲೈಟ್ ಸಾಮಾನ್ಯವಾಗಿ ಕ್ಲಿನಾಪ್ಟಿಲೊಲೈಟ್, ಹ್ಯೂಲಂಡೈಟ್‌ನ ಹತ್ತಿರದ ನೆಂಟ. ಅದು ನೀರಿನ ಅಮೋನಿಯಂ ಹಿಡಿದು ಬದಲಿಗೆ ಸೋಡಿಯಂ ಅಥವಾ ಬೇರೆ ಲವಣ ಬಿಡುತ್ತೆ. ಅದು ರಾಸಾಯನಿಕ ಅದಲು ಬದಲು. ಹಿಡಿಯೋ ಶಕ್ತಿಗೆ ಮಿತಿ ಇದೆ. ತುಂಬಿದ ಮೇಲೆ ನಿಂತುಬಿಡುತ್ತೆ.

ಮುಖ್ಯ ಎಚ್ಚರಿಕೆ ಇದು. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ನಾವು ಟ್ಯಾಂಕಿಗೆ ಉಪ್ಪು ಹಾಕ್ತೀವಿ. ಫಿಲ್ಟರ್‌ನಲ್ಲಿ ತುಂಬಿದ ಜಿಯೋಲೈಟ್ ಇದ್ದರೆ ಉಪ್ಪಿನ ಸೋಡಿಯಂ ಒಳಗೆ ಹೋಗಿ ಹಿಡಿದಿಟ್ಟ ಅಮೋನಿಯಂ ವಾಪಸ್ ನೀರಿಗೆ ಬರುತ್ತೆ. ರೋಗದ ಮೀನಿಗೆ ವಿಷ ಕೊಟ್ಟ ಹಾಗೆ. ಆದ್ದರಿಂದ ಉಪ್ಪು ಹಾಕೋ ಮೊದಲು ಜಿಯೋಲೈಟ್ ಹೊರಗೆ ತೆಗೀರಿ. ತುರ್ತಿಗೆ ಒಂದು ಪ್ಯಾಕೆಟ್ ಮನೆಯಲ್ಲಿರಲಿ, ಕಾಯಂ ಮೀಡಿಯಾ ಆಗಿ ಬೇಡ. ಹೊಸ ಟ್ಯಾಂಕಿನಲ್ಲಂತೂ ಅದು ಬ್ಯಾಕ್ಟೀರಿಯಾದ ಊಟವನ್ನೇ ಕಿತ್ತುಕೊಳ್ಳುತ್ತೆ.

ಮೀಡಿಯಾ ಮಾಡಲಾಗದ ಕೆಲಸ

ಈಗ ಆ ಅಕ್ಕನ ನಿಜವಾದ ಪ್ರಶ್ನೆ. ನೀರು ಬದಲಾಯಿಸೋದು ತಪ್ಪುತ್ತಾ?

ಎರಡೂ ಊರು ಕುಡಿಯೋದು ಗೋದಾವರಿ ನೀರನ್ನೇ. ನಾಸಿಕ್‌ಗೆ ಗಂಗಾಪುರ ಅಣೆಕಟ್ಟು, ಊರ ಪಕ್ಕದಲ್ಲೇ. ಸಂಭಾಜಿನಗರಕ್ಕೆ ಪೈಠಣದ ಜಾಯಕವಾಡಿಯಿಂದ ಸುಮಾರು 50 ಕಿಲೋಮೀಟರ್ ಪಂಪ್ ಮಾಡಿ ತರಬೇಕು. ಹಾಗಾಗಿ ಒಂದೇ ನದಿಯ ನೀರಾದರೂ ಎರಡು ಊರಿನ ಮನೆಯಲ್ಲಿ ಅದರ ಬೆಲೆ ಬೇರೆ.

0.55 ಗ್ರಾಂ ನೈಟ್ರೋಜನ್ ಪೂರ್ತಿ ನೈಟ್ರೇಟ್ ಆದ್ರೆ ಸುಮಾರು 2.4 ಗ್ರಾಂ. 500 ಲೀಟರ್‌ನಲ್ಲಿ ದಿನಕ್ಕೆ ಲೀಟರಿಗೆ ಸುಮಾರು 5 ಮಿಲಿಗ್ರಾಂ, ವಾರಕ್ಕೆ 34. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿದ್ರೆ ಅದು ಏರ್ತಾ ಏರ್ತಾ 136ರ ಹತ್ತಿರ ಹೋಗಿ ನಿಲ್ಲುತ್ತೆ. ಅರ್ಧ ಬದಲಾಯಿಸಿದ್ರೆ 68. ಅರ್ಧ ಅಂದ್ರೆ 250 ಲೀಟರ್. ನಲ್ಲಿಗೆ ಕಾಯೋ ಮನೆಯಲ್ಲಿ 250 ಲೀಟರ್ ಮೀನಿಗೆ ಅಂದ್ರೆ ಅಡುಗೆಮನೆಯಲ್ಲಿ ಜಗಳ ಆಗದೇ ಇರುತ್ತಾ?

ಸೆರಾಮಿಕ್‌ನ ಒಳಗೆ ಆಕ್ಸಿಜನ್ ಇಲ್ಲದ ಜಾಗದಲ್ಲಿ ನೈಟ್ರೇಟ್ ಗಾಳಿಯಾಗಿ ಹೋಗುತ್ತೆ ಅನ್ನೋ ವಾದ ಇದೆ. ತತ್ವ ಸರಿ. ಆದರೆ ಆ ಕೆಲಸ ಮಾಡೋ ಬ್ಯಾಕ್ಟೀರಿಯಾಗೆ ಇಂಗಾಲದ ಆಹಾರವೂ ಬೇಕು, ಅದು ಕಲ್ಲಿನ ಒಳಗೆ ತಲುಪೋದು ಅತ್ಯಲ್ಪ. ಅದನ್ನು ನಂಬಿ ನೀರು ಬದಲಾಯಿಸೋದು ನಿಲ್ಲಿಸಬೇಡಿ.

ಹಾಗಾದ್ರೆ ದಾರಿ? ಆಹಾರ ಕಡಿಮೆ ಮಾಡಿ. ದೊಡ್ಡ ಆಸ್ಕರ್‌ಗೆ ದಿನಾ ಹೊಟ್ಟೆ ಬಿರಿಯ ಹಾಕಬೇಕಿಲ್ಲ. 15 ಗ್ರಾಂ ಏಳೂವರೆ ಆದ್ರೆ ಎಲ್ಲ ಲೆಕ್ಕವೂ ಅರ್ಧ: ಮೀಡಿಯಾ ಅರ್ಧ, ನೈಟ್ರೇಟ್ ಅರ್ಧ, ಬದಲಾಯಿಸೋ ನೀರೂ ಅರ್ಧ. ದೊಡ್ಡ ಟ್ಯಾಂಕ್ ಬಂತು ಅಂತ ಹೊಸ ಮೀನು ತರಬೇಡಿ. ಮನಿಪ್ಲಾಂಟ್ ಬೇರನ್ನು ಸಂಪ್‌ಗೆ ಇಳಿಬಿಡಿ, ಅದು ನೈಟ್ರೇಟ್ ಹೀರುತ್ತೆ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ, ತುಳಸಿಗೆ, ಕುಂಡಗಳಿಗೆ ಹಾಕಿ, ಅದು ಗೊಬ್ಬರದ ನೀರು. ಟ್ಯಾಂಕಿಗೆ ಉಪ್ಪು ಹಾಕಿದ ದಿನಗಳಲ್ಲಿ ಮಾತ್ರ ಗಿಡಕ್ಕೆ ಬೇಡ. ಟ್ಯಾಂಕರ್ ಅಥವಾ ಬೋರ್ ನೀರು ಬಳಸೋದಾದ್ರೆ ಮೊದಲು ಅದರಲ್ಲೇ ನೈಟ್ರೇಟ್ ಎಷ್ಟಿದೆ ಅಂತ ಟೆಸ್ಟ್ ಮಾಡಿ.

ಕರೆಂಟು, ಬಿಸಿಲು, ಕ್ಷಾರ

ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ ಕರಗಿಸೋಕೆ ಸುಮಾರು 4.6 ಗ್ರಾಂ ಆಕ್ಸಿಜನ್ ಬೇಕು. ನಮ್ಮ ಟ್ಯಾಂಕಿಗೆ ದಿನಕ್ಕೆ ಎರಡೂವರೆ ಗ್ರಾಂ, ಮೀನಿನ ಉಸಿರಾಟ ಬಿಟ್ಟು. ಬಿಸಿ ನೀರು ಕಡಿಮೆ ಆಕ್ಸಿಜನ್ ಹಿಡಿಯುತ್ತೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಬೇಸಿಗೆಯಲ್ಲಿ ಏರ್ ಪಂಪ್ ಹೆಚ್ಚಿಸಿ.

ಕರೆಂಟು ಹೋದ್ರೆ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್‌ನ ಒಳಗಿನ ಆಕ್ಸಿಜನ್ ಬೇಗ ಮುಗಿಯುತ್ತೆ. ಹಲವು ಗಂಟೆ ಕಳೆದು ಕರೆಂಟು ಬಂದಾಗ ಒಳಗಿನ ನಾರೋ ನೀರನ್ನು ನೇರ ಟ್ಯಾಂಕಿಗೆ ಬಿಡಬೇಡಿ, ಮೊದಲು ಬಕೆಟ್‌ಗೆ ಚೆಲ್ಲಿ. ಸಂಪ್ ಅಥವಾ ಮೇಲಿನ ಟ್ರೇಗಳ ಫಿಲ್ಟರ್‌ಗೆ ಗಾಳಿ ಸಿಗೋದರಿಂದ ಅಪಾಯ ಕಡಿಮೆ. ಜೊತೆಗೆ ಬ್ಯಾಟರಿ ಏರ್ ಪಂಪ್‌ಗೆ ಜೋಡಿಸಿದ ಒಂದು ಸ್ಪಾಂಜ್ ಫಿಲ್ಟರ್ ಇರಲಿ. ಕರೆಂಟು ಇಲ್ಲದಾಗ ಅದೇ ಉಸಿರು, ಅದೇ ಬಯೋ ಮೀಡಿಯಾ.

ಆರ್‌ಒ ನೀರು, ಮಳೆ ನೀರು ಬಳಸೋರಿಗೆ ಒಂದು ಮಾತು. ಒಂದು ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಗ್ರಾಂ ಕ್ಷಾರ ಖರ್ಚಾಗುತ್ತೆ. ನಮ್ಮ ಟ್ಯಾಂಕಿನಲ್ಲಿ ದಿನಕ್ಕೆ ಲೀಟರಿಗೆ ಸುಮಾರು 8 ಮಿಲಿಗ್ರಾಂ ಇಳಿಯುತ್ತೆ. ಮೆದು ನೀರಲ್ಲಿ ಅದು ಬೇಗ ಖಾಲಿಯಾಗಿ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸ್ತವೆ. ಅಲ್ಲಿ ನೊರೆ ಬರೋ ಆ ಕ್ಯಾಲ್ಸೈಟ್ ಕಲ್ಲಿನ ಒಂದು ಹಿಡಿ ಬೇಕಾಗುತ್ತೆ ನೋಡಿ! ಗಡಸು ನೀರಿಗೆ ಬೇಡ ಅಂದದ್ದು ಮೆದು ನೀರಿಗೆ ಔಷಧಿ.

ಹಾಗಾದ್ರೆ ಆ ಅಕ್ಕ ಏನು ಮಾಡಬೇಕು?

ಸಂಪ್ ಮಾಡಿಸಿ. ನೀರು ಬರೋ ಜಾಗದಲ್ಲಿ ಮೊದಲು ಒರಟು ಸ್ಪಾಂಜ್, ಆಮೇಲೆ ಸ್ವಲ್ಪ ನಯವಾದದ್ದು. ಅದರ ನಂತರ 20ರಿಂದ 25 ಲೀಟರ್ ಕೆ1, ಇಲ್ಲವೇ ಅಷ್ಟೇ ಜಾಗ ತುಂಬೋ ಸ್ಪಾಂಜ್ ಮತ್ತು ಸ್ಕ್ರಬ್ಬರ್. ಗಂಟೆಗೆ ಟ್ಯಾಂಕಿನ ನೀರು ನಾಲ್ಕೈದು ಸಲ ಸುತ್ತೋ ಪಂಪ್. ಸೆರಾಮಿಕ್‌ನಲ್ಲಿ ಉಳಿದ ದುಡ್ಡಿಗೆ ಟೆಸ್ಟ್ ಕಿಟ್ ಮತ್ತು ಬ್ಯಾಟರಿ ಪಂಪ್ ತನ್ನಿ.

ಇನ್ನೊಂದು ಅಮೂಲ್ಯವಾದ ಮೀಡಿಯಾ ನಿಮ್ಮ ಮನೆಯಲ್ಲೇ ಇದೆ: ಹಳೆಯ ಟ್ಯಾಂಕಿನ ಕೊಳಕು ಸ್ಪಾಂಜ್. ಅದನ್ನು ತೊಳೆಯದೆ, ಒಣಗಿಸದೆ, ಒದ್ದೆಯಾಗಿಯೇ ಹೊಸ ಸಂಪ್‌ಗೆ ಹಾಕಿ. ಏನೂ ಇಲ್ಲದೆ ಶುರು ಮಾಡಿದ್ರೆ ಫಿಲ್ಟರ್ ಪಕ್ವ ಆಗೋಕೆ ನಾಲ್ಕರಿಂದ ಆರು ವಾರ ಬೇಕು. ಹಳೇ ಮೀಡಿಯಾ ಎಲ್ಲವೂ ಜೊತೆಗೆ ಬಂದ್ರೆ ಅದೇ ಮೀನುಗಳ ಹೊರೆಯನ್ನು ಅದು ಮೊದಲ ದಿನದಿಂದಲೇ ಬಹುಮಟ್ಟಿಗೆ ಹೊರುತ್ತೆ. ಆದರೂ ಮೊದಲ ಎರಡು ವಾರ ಆಹಾರ ಅರ್ಧ ಮಾಡಿ, ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆ ಇರಬೇಕು.

ತೊಳೆಯುವಾಗ ಎಲ್ಲವನ್ನೂ ಒಂದೇ ದಿನ ತೊಳೆಯಬೇಡಿ. ಅರ್ಧ ಇವತ್ತು, ಉಳಿದದ್ದು ಎರಡು ವಾರ ಬಿಟ್ಟು. ನಲ್ಲಿ ನೀರಲ್ಲಿ ಬೇಡ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ನೀರು ಬಿಟ್ಟ ದಿನ ನಲ್ಲಿಯಲ್ಲಿ ಕ್ಲೋರಿನ್ ಜೋರಾಗಿರಬಹುದು. ಮೀನಿನ ಟ್ಯಾಂಕಿಗೆ ಹಾಕೋ ನೀರನ್ನು ಡ್ರಮ್‌ನಲ್ಲಿ ಬಾಯಿ ತೆರೆದು ಒಂದೆರಡು ದಿನ ಇಡಿ, ಇಲ್ಲವೇ ಡಬ್ಬಿ ಮೇಲಿನ ಅಳತೆ ನೋಡಿ ಹೈಪೋ ದ್ರಾವಣ ಹಾಕಿ.

ಮಗ ಆ ಮೀನುಗಳ ಜೊತೆ ಬೆಳೆದವನು. ಈ ಲೆಕ್ಕವನ್ನು ಅವನ ಕೈಯಲ್ಲೇ ಹಾಕಿಸಿ, ಅಕ್ಕ. ಆಹಾರ ತೂಗೋದು, ಟೆಸ್ಟ್ ಬರೆದಿಡೋದು ಅವನ ಜವಾಬ್ದಾರಿ ಆಗಲಿ. ಆಸ್ಕರ್ ಚೆನ್ನಾಗಿ ನೋಡಿಕೊಂಡ್ರೆ ಹತ್ತು ವರ್ಷ ದಾಟಿ ಬದುಕೋ ಮೀನು.

ಮುಂದಿನ ಸಲ ಬೇಸಿಗೆಯಲ್ಲಿ ಟ್ಯಾಂಕಿನ ನೀರನ್ನು ಐಸ್ ಇಲ್ಲದೆ ತಂಪಾಗಿಡೋದು ಹೇಗೆ ಅಂತ ಮಾತಾಡೋಣ.